ಇಪ್ಪತ್ನಾಲ್ಕು ಓಮ್‌ಗಳ ಇಳುವರಿ

ಸರಕಾರಿ ಕೋಳಿಮರಿ ಕೇಂದ್ರದಲ್ಲಿ ಕರೆಂಟಿನ ವೋಲ್ಟೇಜು ಇನ್ನೂರ ಮೂವತ್ತು ಇರತಕ್ಕದ್ದು ಎಂದು ಆದೇಶವಿದೆ. ಆದ್ದರಿಂದ ಅಲ್ಲಿ ಇನ್ನೂರ ಮೂವತ್ತು ವೋಲ್ಟ್ ಇದೆ. ಮೀಟರು ನೂರ ಅರವತ್ತು ತೋರಿಸುತ್ತದೆ ಎಂಬುದು ಮೀಟರಿನ ಸ್ವಂತ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕಿವಿಗೊಟ್ಟು ಕೆಟ್ಟವನು ಕೇಂದ್ರದ ವೈರ್‌ಮನ್. ಹನ್ನೊಂದು ವರ್ಷದಿಂದ ಹಂಗಾಮಿ. ಅವನನ್ನು ಖಾಯಂ ಮಾಡುವ ಕಡತ ಅಂತೂ ಇಂತೂ ಸಾಹೇಬರ ಮೇಜಿಗೆ ಬಂದಿತ್ತು. ಅವನ ವಶದಲ್ಲಿರುವ ಉಪಕರಣ ಸುಸ್ಥಿತಿಯಲ್ಲಿದೆ ಎಂಬ ಒಂದು ಸರ್ಟಿಫಿಕೇಟ್ ಮಾತ್ರ ಬಾಕಿ. ಅವನ ವಶದಲ್ಲಿದ್ದದ್ದು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯ ಹೀಟರು. ಸಾವಿರ ವಾಟ್, ತಂತಿಯ ಪ್ರತಿರೋಧ ಐವತ್ಮೂರು ಓಮ್. ಪಾಪ, ಅದರಲ್ಲಿ ಯಾವ ಹುಳುಕೂ ಇರಲಿಲ್ಲ. ನೂರ ಅರವತ್ತು ವೋಲ್ಟಿಗೆ ಮೂರೇ ಆಂಪಿಯರ್ ಎಳೆಯುತ್ತಿತ್ತು, ಅಷ್ಟೆ. ನೂರ ಅರವತ್ತನ್ನು ಮೂರರಿಂದ ಗುಣಿಸಿದರೆ ನಾನೂರ ಎಂಬತ್ತು ವಾಟ್. ಅರ್ಧ ಕಾವಿಗೆ ಯಾವ ಮರಿ ತಾನೇ ಹೊರಗೆ ಬಂದೀತು? ಎರಡು ವರ್ಷದಿಂದ ಒಂದೂ ಬಂದಿರಲಿಲ್ಲ.

ತಪಾಸಣೆಯ ದಿನ ಸಾಹೇಬರು ನಮೂನೆ ನೋಡಿ ಹುಬ್ಬೇರಿಸಿದರು. "ಏನಯ್ಯಾ, ನೂರ ಅರವತ್ತು ಅಂತ ಬರ್ದಿದೀಯ?"

"ಇರೋದೇ ಅಷ್ಟು ಸಾರ್."

"ಆ ಕಾಲಮ್ ಅಚ್ಚಾಗೇ ಬಂದಿದೆ, ಇನ್ನೂರ ಮೂವತ್ತು ಅಂತ. ನೀನು ತುಂಬಬೇಕಾದ್ದು ಆಂಪಿಯರ್ ಮಾತ್ರ." ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಓಮ್; ಸಾಹೇಬರೇ ಇನ್ನೂರ ಮೂವತ್ತನ್ನು ಮೂರರಿಂದ ಭಾಗಿಸಿದರು. ಎಪ್ಪತ್ತೇಳು ಬಂತು. "ನಿನಗೆ ಕೊಟ್ಟಿದ್ದು ಐವತ್ಮೂರು ಓಮ್. ಮಿಕ್ಕ ಇಪ್ಪತ್ನಾಲ್ಕು ಎಲ್ಲಿಂದ ಬಂತು?"

"ಓಮ್ ಬಂದಿಲ್ಲ ಸಾರ್, ವೋಲ್ಟ್ ಹೋಗಿದೆ. ಬೇಕಾದ್ರೆ ಈಗಲೇ ಓಮ್ ಅಳೆದು ತೋರಿಸ್ತೀನಿ."

"ಅಳೆಯೋ ಹಾಗಿಲ್ಲ. ನಿಯಮದ ಪ್ರಕಾರ ಓಮ್‌ನ ಲೆಕ್ಕ ಹಾಕಿಯೇ ತೆಗೀಬೇಕು."

ಸಂಜೆಯೊಳಗೆ ನೋಟೀಸು ಬಂತು. "ಸದರಿ ಹೀಟರಿನಲ್ಲಿ ಅನಧಿಕೃತವಾಗಿ ಶೇಖರವಾಗಿರುವ ೨೪ ಓಮ್‌ಗಳನ್ನು ಏಳು ದಿನಗಳೊಳಗೆ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಖಾಯಮಾತಿ ಕಡತವನ್ನು ಮುಕ್ತಾಯಗೊಳಿಸಲಾಗುವುದು."

ಹೆಂಡತಿ ನೋಟೀಸನ್ನು ಎರಡು ಸಲ ಓದಿದಳು. "ನಿಮ್ಮ ಮೀಟರಿಗಿಷ್ಟು ಬೆಂಕಿ ಹಾಕ! ಕೇಳಿದ್ದನ್ನ ಕೊಟ್ಟು ಕೈ ತೊಳ್ಕೊಳ್ರೀ."

"ಇಲ್ಲದ್ದನ್ನ ಎಲ್ಲಿಂದ ತರಲೇ?"

"ಅಂಗಡಿಯಿಂದ."

ಹೆಂಗಸಿನ ಬುದ್ಧಿ ಮೊಣಕಾಲ ಕೆಳಗೆ ಅಂದವನನ್ನು ಈ ಕೇಂದ್ರಕ್ಕೆ ವರ್ಗ ಮಾಡಬೇಕು. ವೈರ್‌ಮನ್ ಒಲೆಯ ಕಾಯಿಲ್ ಒಂದನ್ನು ಕೊಂಡು, ಇಪ್ಪತ್ನಾಲ್ಕು ಓಮ್‌ಗೆ ಸರಿಯಾಗಿ ಕತ್ತರಿಸಿ, ಲಕೋಟೆಯಲ್ಲಿಟ್ಟು ಉಗ್ರಾಣಕ್ಕೆ ಒಪ್ಪಿಸಿದ. ಉಗ್ರಾಣದ ಮೇಡಂ ಕಾಯಿಲನ್ನು ಎತ್ತಿ ಬೆಳಕಿಗೆ ಹಿಡಿದು, "ಎಲ್ಲಾ ಒಂದೇ ತುಂಡಲ್ಲಿದೆಯಲ್ಲ, ಒಳ್ಳೇದಾಯ್ತು. ಬಿಡಿ ಓಮ್ ಎಣಿಸೋದು ತಲೆನೋವು" ಎಂದು ರಸೀದಿ ಕೊಟ್ಟರು.

ಮುಂದಿನ ತಿಂಗಳು ಮತ್ತೆ ತಪಾಸಣೆ. ಮತ್ತೆ ಮೂರು ಆಂಪಿಯರ್. ಮತ್ತೆ ಎಪ್ಪತ್ತೇಳು. ವೈರ್‌ಮನ್ ಉಗ್ರಾಣದ ರಸೀದಿಯನ್ನು ಮುಂದೆ ಚಾಚಿದ. ಸಾಹೇಬರು ಮಾತ್ರ ಕಾಗದವನ್ನೇ ನೋಡುತ್ತ ಕೂತವರು ಇದ್ದಕ್ಕಿದ್ದಂತೆ ಎದ್ದು ನಿಂತರು.

"ಅಯ್ಯೋ ಪುಣ್ಯಾತ್ಮ, ತೆಗೆದಷ್ಟೂ ಮತ್ತೆ ಬೆಳೀತಿದೆಯಲ್ಲೋ!"

ವಾರದೊಳಗೆ ಕೇಂದ್ರದ ಬಾಗಿಲಿಗೆ ಓಮ್ ಉತ್ಪಾದನಾ ಘಟಕ ಎಂಬ ಫಲಕ ಬಿತ್ತು. ತಿಂಗಳಿಗೆ ಇಪ್ಪತ್ನಾಲ್ಕು ಓಮ್ ಗುರಿ. ವರ್ಷವಿಡೀ ಗುರಿ ತಪ್ಪದಿದ್ದರೆ ವೈರ್‌ಮನ್ ಖಾಯಂ. ಉತ್ಪಾದನೆಗೆ ಅಡ್ಡಿಯಾಗದಿದ್ದಲ್ಲಿ ಮೊಟ್ಟೆಗಳನ್ನೂ ಪೆಟ್ಟಿಗೆಯಲ್ಲಿ ಇಡಬಹುದು ಎಂದು ಸಾಹೇಬರು ಉದಾರವಾಗಿ ಟಿಪ್ಪಣಿ ಬರೆದರು. ವೈರ್‌ಮನ್ ಮೀಟರನ್ನು ಕಪಾಟಿಗೆ ಸೇರಿಸಿದ. ತಪಾಸಣೆಯ ದಿನ ಬಿಟ್ಟರೆ ಅದು ಹೊರಗೆ ಬರುತ್ತಿರಲಿಲ್ಲ. ಪ್ರತಿ ತಿಂಗಳೂ ಒಂದು ಕಾಯಿಲ್ ತಂದ, ಕತ್ತರಿಸಿದ, ಒಪ್ಪಿಸಿದ. ಹನ್ನೊಂದು ತಿಂಗಳು ಹೀಗೇ ಸುಸೂತ್ರವಾಗಿ ಸಾಗಿತು.

ಹನ್ನೆರಡನೆಯ ತಪಾಸಣೆಯ ಬೆಳಿಗ್ಗೆ ಅವನು ಬಾಗಿಲು ತೆಗೆದರೆ ಪೆಟ್ಟಿಗೆಯೊಳಗೆ ಚಿಂವ್ ಚಿಂವ್! ಆರು ಮರಿಗಳು ಆಗಲೇ ಹೊರಗೆ ಬಂದು ಒದ್ದೆ ರೆಕ್ಕೆ ಬಡಿಯುತ್ತಿದ್ದವು. ಉಳಿದ ಮೊಟ್ಟೆಗಳ ಒಳಗಿಂದ ಕುಕ್ಕುವ ಸದ್ದು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಮೂರು ವಾರದ ಕೆಳಗೆ ಲೈನ್‌ಮನ್ ಬೀದಿಯ ಕಂಬದಲ್ಲಿ ಸಡಿಲವಾಗಿದ್ದ ಜೋಡಣೆಯನ್ನು ಬಿಗಿದಿದ್ದನಂತೆ. ಮೀಟರು ನಿಜಕ್ಕೂ ಇನ್ನೂರ ಮೂವತ್ತು ತೋರಿಸಿತು. ನಾಲ್ಕೂ ಚಿಲ್ಲರೆ ಆಂಪಿಯರ್. ಪೂರಾ ಸಾವಿರ ವಾಟ್.

ಸಾಹೇಬರು ಎದುರಿಗೇ ನಿಂತು ಭಾಗಿಸಿದರು. ಐವತ್ಮೂರು ಬಂತು. "ಈ ತಿಂಗಳ ಇಳುವರಿ?"

"ಸೊನ್ನೆ ಸಾರ್. ಆದ್ರೆ ಮರಿ..."

"ಮರಿ ನಮ್ಮ ಗುರಿಯಲ್ಲಿ ಇಲ್ಲವಲ್ಲಪ್ಪಾ."

"ಇಪ್ಪತ್ನಾಲ್ಕು ಓಮ್ ಹೇಗಾದ್ರೂ ತಂದ್ಕೊಡ್ತೀನಿ ಸಾರ್."

"ಲೆಕ್ಕದಲ್ಲಿ ಬಾರದ ಓಮ್ ತಗೊಂಡ್ರೆ ಅಕ್ರಮ ಆಗುತ್ತೆ. ಸಂಜೆವರೆಗೂ ಟೈಮ್ ಕೊಡ್ತೀನಿ."

ಹನ್ನೆರಡು ವರ್ಷದ ಚಾಕರಿ ಕಣ್ಣ ಮುಂದೆ ನೀರಲ್ಲಿ ಹೋಮ ಆಗುತ್ತಿತ್ತು. ವೈರ್‌ಮನ್ ಎದ್ದುಬಿದ್ದು ಓಡಿ ಲೈನ್‌ಮನ್‌ನ ಕೈ ಹಿಡಿದುಕೊಂಡ. "ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ, ಆ ಜೋಡಣೇನ ಮೊದಲಿದ್ದ ಹಾಗೇ ಮಾಡ್ಕೊಡು."

"ಅರ್ಜಿ ತಂದಿದೀಯಾ?" ಎಂದ ಲೈನ್‌ಮನ್. "ಸಡಿಲ ಮಾಡ್ಕೊಡಿ ಅಂತ ಬಂದಿರೋ ಆಫೀಸುಗಳಲ್ಲಿ ಇವತ್ತು ನಿಂದು ನಾಲ್ಕನೇದು." ಏಣಿ ಹಾಕಿ ಹತ್ತಿ, ಸಡಿಲಿಸಿ ಇಳಿದ.

ಸಂಜೆ ಹೀಟರು ಮೂರು ಆಂಪಿಯರ್ ಎಳೆಯಿತು. ಎಪ್ಪತ್ತೇಳು ಓಮ್ ಬಂತು. ಸಾಹೇಬರು ಖಾಯಂ ಆದೇಶಕ್ಕೆ ಸಹಿ ಹಾಕಿ, ಪೆನ್ನು ಮುಚ್ಚಿ, ಪೆಟ್ಟಿಗೆಯ ಕಡೆ ಕಿವಿಯಾನಿಸಿದರು. ಒಳಗಿನ ಕುಕ್ಕುವ ಸದ್ದು ನಿಂತಿತ್ತು.

"ಈಗ ನೋಡು, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ" ಎಂದರು.

"ಹೌದು ಸಾರ್" ಎಂದ ಖಾಯಂ ವೈರ್‌ಮನ್.