ಹೆಂಡತಿಯ ಮುಖಕ್ಕೊಂದು ಡ್ರೈವರ್

ಮದುವೆಯಾದ ಮೊದಲ ವರ್ಷ ಆಷಾಢ ಬರಲೇಬಾರದು ಎಂದು ಸರ್ಕಾರ ಒಂದು ಕಾನೂನು ತರಬೇಕು. ಮೇ ತಿಂಗಳಲ್ಲಿ ತಾಳಿ ಕಟ್ಟಿದೆ. ಯೋಗಿತಾಳ ಚಹಾಕ್ಕೆ ಎಷ್ಟು ಸಕ್ಕರೆ ಬೇಕೆಂದು ಗೊತ್ತಾಗುವಷ್ಟರಲ್ಲಿ ಆಷಾಢ ಬಂದು ಅವಳನ್ನು ಅಂಕೋಲೆಯ ತವರಿಗೆ ಒಯ್ದಿತು. ನಾನು ಮಾಜಾಳಿಯಲ್ಲಿ ಉಳಿದೆ. ಈ ತಿಂಗಳು ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು. (ಗಂಡ ಹೆಂಡತಿ ನೋಡಬಾರದೆಂದು ಯಾರೂ ಹೇಳಿಲ್ಲ. ಆದರೆ ಹೆಂಡತಿ ಇರುವುದೇ ಅತ್ತೆಯ ಬೆನ್ನ ಹಿಂದೆ.) ಕದ್ದು ಬಸ್ ಹತ್ತೋಣವೆಂದರೆ ಆ ದಾರಿಯ ಕಂಡಕ್ಟರುಗಳಲ್ಲಿ ಅರ್ಧ ಜನ ನಮ್ಮ ಮದುವೆಯಲ್ಲಿ ಉಂಡವರು.

ವೀಡಿಯೊ ಕಾಲ್ ಮಾಡಿದರಾಯಿತಲ್ಲ ಎನ್ನುತ್ತೀರಿ. ನನ್ನ ದುರಂತ ಶುರುವಾಗುವುದೇ ಅಲ್ಲಿ. ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನಾನು ಮುಕ್ತ ತಂತ್ರಾಂಶದ ಕಟ್ಟಾ ಭಕ್ತ. ಯಾರು ಬೇಕಾದರೂ ಒಳಗೆ ಇಣುಕಿ, ತಿದ್ದಿ, ಹಂಚಬಹುದಾದ ಲಿನಕ್ಸ್ ಬಿಟ್ಟು ಬೇರೇನೂ ನನ್ನ ಯಂತ್ರಗಳಲ್ಲಿ ಕಾಲಿಡುವಂತಿಲ್ಲ. ಜೇಬಿನಲ್ಲಿರುವುದು ಗುಂಡಿ ಒತ್ತುವ ಫೋನು. ಮದುವೆಯ ಊಟದ ಪಂಕ್ತಿಯಲ್ಲಿ ಕೂತೇ, ಸ್ಮಾರ್ಟ್‌ಫೋನ್ ಎಂದರೆ ಜೇಬಿನೊಳಗಿನ ಗೂಢಚಾರ ಎಂದು ಭಾಷಣ ಬಿಗಿದಿದ್ದೆ. ಪಾಪ, ಯೋಗಿತಾ ಅದನ್ನು ನಂಬಿ ತನ್ನ ಫೋನನ್ನು ತಂಗಿ ಸಂಧ್ಯಾಳಿಗೆ ಕೊಟ್ಟು, ತಾನೂ ಗುಂಡಿ ಫೋನು ಹಿಡಿದಳು. ಅವಳಿಗೆ ನನ್ನ ಉಡುಗೊರೆ, ಯಾವುದೋ ಆಫೀಸು ಹೊರಗೆ ಹಾಕಿದ ಹಳೆಯ ಲ್ಯಾಪ್‌ಟಾಪ್. ಅದರ ಜೋಡಿ ನನ್ನಲ್ಲಿದೆ. ಆಷಾಢದಲ್ಲಿ ದಿನಾ ಇದರಲ್ಲೇ ನೋಡಿಕೊಳ್ಳೋಣ ಎಂದು ಮಾತು ಕೊಟ್ಟಿದ್ದೆ.

ಎರಡರಲ್ಲೂ ಎಲ್ಲವೂ ನಡೆಯುತ್ತಿತ್ತು, ಕ್ಯಾಮೆರಾ ಒಂದನ್ನು ಬಿಟ್ಟು. ಅದನ್ನು ತಯಾರಿಸಿದವರು ಅದರ ಒಳಗುಟ್ಟನ್ನು ಲಿನಕ್ಸಿನವರಿಗೆ ಹೇಳಿರಲಿಲ್ಲ. ನಡುವೆ ಮಾತುಕತೆ ನಡೆಸಲು ಡ್ರೈವರ್ ಎಂಬ ದುಭಾಷಿ ಬೇಕು. ಅವನಿಲ್ಲದೆ ಲಿನಕ್ಸೂ ಕ್ಯಾಮೆರಾವೂ ಒಂದೇ ಪೆಟ್ಟಿಗೆಯಲ್ಲಿದ್ದೂ ಮುಖ ನೋಡದೆ ಕೂತಿದ್ದವು. ಅವಕ್ಕೂ ಆಷಾಢ.

ದಿನಾ ಸಂಜೆ ಐದಕ್ಕೆ ಇಬ್ಬರೂ ಲ್ಯಾಪ್‌ಟಾಪ್ ತೆರೆದು, ಗುಂಡಿ ಫೋನು ಕಿವಿಗಿಟ್ಟುಕೊಳ್ಳುತ್ತಿದ್ದೆವು.

"ಎಂತ ಕಾಣ್ತದೆ?"

"ಕಪ್ಪು."

"ಪೂರಾ ಕಪ್ಪಾ?"

"ಪೂರಾ. ಮೂಲೇಲಿ ಒಂದು ಇರುವೆ ಹೋಗ್ತಾ ಅದೆ."

"ಹಂಗಾರೆ ನಾ ಹೇಳಿದ್ದು ಟೈಪ್ ಮಾಡು. ಅಡ್ಡಗೆರೆ, ಚುಕ್ಕಿ..."

"ಮಾತಾಡೂಕೆ ಅಂತ ಕೂತ್ರೆ ಅಡ್ಡಗೆರೆ, ಚುಕ್ಕಿ ಅಂತೀರಿ. ಅಬ್ಬಲಿಗೆ ಮುಡ್ಕಂಡೆ ಇವತ್ತು. ನಿಮಗೆ ತೋರಿಸೂಕೆ ಅಂತ. ಬಾಡಿ ಹೋಗ್ತದೆ."

ಅವಳನ್ನು ನೋಡಬೇಕು ಎನ್ನುವುದು ಬಿಟ್ಟರೆ ಆ ತಿಂಗಳು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ.

ಇತ್ತ ಜಗುಲಿಯಲ್ಲಿ ನಮ್ಮ ಆಯಿ ತನ್ನ ಸ್ಮಾರ್ಟ್‌ಫೋನಿನಿಂದ ಸಂಧ್ಯಾಳ ಫೋನಿಗೆ ವೀಡಿಯೊ ಕಾಲ್ ಹಚ್ಚಿ, ಸೊಸೆಯನ್ನು ದಿನಾ ಕಣ್ತುಂಬ ನೋಡುತ್ತಿದ್ದಳು. ಫೋನಿಗೆ ಹೊಸ್ತಿಲು ಎಲ್ಲಿದೆ ಎಂಬುದು ಅವಳ ವಾದ.

"ದೇವಿದಾಸಾ, ಬಾರಾ. ನಿನ್ನ ಹೆಂಡ್ತಿ ಇಲ್ಲೇ ಅದಾಳೆ."

"ಅದ್ರಲ್ಲಿ ನೋಡೂದಿಲ್ಲ ಆಯೀ. ತತ್ವ."

"ತತ್ವ ಮಗ್ಗುಲಲ್ಲಿ ಇಟ್ಕಂಡೇ ಮಲಗು ಹಂಗಾರೆ."

ಕೊನೆಗೆ ಜಗತ್ತಿನ ಲಿನಕ್ಸ್ ಭಕ್ತರೆಲ್ಲ ಸೇರುವ ಅಂತರ್ಜಾಲ ತಾಣದಲ್ಲಿ ನನ್ನ ವಿರಹವನ್ನು ವಿವರವಾಗಿ ತೋಡಿಕೊಂಡೆ. ಅಂಕೋಲೆ, ಆಷಾಢ, ಅಬ್ಬಲಿಗೆ, ಒಂದನ್ನೂ ಬಿಡಲಿಲ್ಲ. ಯಾವ ದೇಶದವನೋ ಒಬ್ಬ ಪುಣ್ಯಾತ್ಮ ಉತ್ತರಿಸಿದ: "ಚಿಪ್ ಸಂಖ್ಯೆ ಯಾವುದು?" ಕಳಿಸಿದೆ. ತಾನೇ ಬರೆದಿದ್ದ ಡ್ರೈವರನ್ನು ಕಳಿಸಿಕೊಟ್ಟ. ಹಾಕಿದರೆ ಕ್ಯಾಮೆರಾದ ಹಸಿರು ದೀಪ ಹತ್ತಿತು. ಫೋನಿನಲ್ಲಿ ಹೇಳಿ ಹೇಳಿ ಯೋಗಿತಾಳ ಕೈಯಲ್ಲೂ ಹಾಕಿಸಿದೆ. "ಇಲ್ಲೂ ದೀಪ ಬಂತು" ಎಂದಳು. ಅಷ್ಟರಲ್ಲಿ ಅಲ್ಲಿ ಕರೆಂಟು ಹೋಗಿ ನೆಟ್ಟೂ ಹೋಯಿತು. ದರ್ಶನ ಮರುದಿನ ಐದಕ್ಕೆ ಎಂದು ನಿಶ್ಚಯವಾಯಿತು.

ಗೆದ್ದವನ ಕೈ ಸುಮ್ಮನಿರುವುದಿಲ್ಲ ನೋಡಿ. ಮರುದಿನ ಆಯಿ ಒಣಮೀನು ತರಲು ಹೋದಾಗ ಅವಳ ಫೋನನ್ನೂ ಗುಲಾಮಗಿರಿಯಿಂದ ಬಿಡಿಸಿ, ಅದಕ್ಕೂ ಮುಕ್ತ ವ್ಯವಸ್ಥೆಯ ದೀಕ್ಷೆ ಕೊಟ್ಟೆ.

ಗಡ್ಡ ಹೆರೆದು, ಮದುವೆಯ ಅಂಗಿ ತೊಟ್ಟು ಐದಕ್ಕೆ ಕೂತೆ. ಕಪ್ಪು ಪರದೆ ಒಮ್ಮೆ ಮಿಣುಕಿ ಬೆಳಕಾಯಿತು. ತೆರೆಯ ತುಂಬ ಒಂದು ಮುಖ. ತುಟಿ ಬಿಗಿಹಿಡಿದು, ಹುಬ್ಬಿನ ನಡುವೆ ಕುಂಕುಮ ಇಟ್ಟುಕೊಳ್ಳುತ್ತಿದ್ದ ನನ್ನ ಅತ್ತೆ ನಾಗಮ್ಮ.

ಆಗಿದ್ದು ಇಷ್ಟು. ಯೋಗಿತಾ ಕರೆಯನ್ನು ತೆರೆದಿಟ್ಟು ಹೂ ಕೊಯ್ಯಲು ಅಂಗಳಕ್ಕೆ ಇಳಿದಿದ್ದಳು. ತಿಂಗಳಿಡೀ ಕಪ್ಪಗೇ ಇದ್ದ ಆ ಪರದೆಯನ್ನು ಅತ್ತೆ ಕನ್ನಡಿ ಮಾಡಿಕೊಂಡಿದ್ದರು. ಇವತ್ತು ಕನ್ನಡಿಯಲ್ಲಿ ಅಳಿಯ ಮೂಡಿದ.

"ಅಯ್ಯೋ ದೇವರೇ, ಅಳಿಯಂದ್ರ ಮೋರೆ" ಎಂದು ಸೆರಗು ಎಳೆದುಕೊಂಡರು. ತಡವಾಗಿತ್ತು. ಹಿಂದೆ ಬಾಗಿಲಲ್ಲಿ, ಕೈಯಲ್ಲಿ ಅಬ್ಬಲಿಗೆ ಹಿಡಿದ ಯೋಗಿತಾ. ಸ್ವಲ್ಪ ಸೊರಗಿದ್ದಳು. ನನ್ನನ್ನು ನೋಡಿ ನಗಲು ಹೊರಟಳು. ನಗು ಪೂರ್ತಿಯಾಗುವ ಮೊದಲೇ ಅತ್ತೆ ಲ್ಯಾಪ್‌ಟಾಪ್ ಮುಚ್ಚಿದರು.

ಸ್ವಲ್ಪ ಹೊತ್ತಿಗೆ ಗುಂಡಿ ಫೋನು ಬಡಿದುಕೊಂಡಿತು. "ಭಟ್ಟರ ಹತ್ರ ಕೇಳ್ದಳು ಅಮ್ಮ. ದೋಷ ಆಯ್ತಂತೆ. ನಾ ಚೌತಿ ಕಳ್ದೇ ಬರೂದಂತೆ. ಲ್ಯಾಪ್‌ಟಾಪ್ ಟ್ರಂಕಿಗೆ ಹಾಕಿ ಬೀಗ ಹಾಕಿದ್ಲು." ಮತ್ತೆ ಅಂದಳು: "ನಿಮ್ಮ ಮೋರೆ ಸರಿಯಾಗಿ ಕಾಣ್ಲೇ ಇಲ್ಲ ನಂಗೆ. ಆಯಿ ಫೋನಿಂದ ಸಂಧ್ಯಾನ ಫೋನಿಗೆ ಹಚ್ಚಿ. ಇವತ್ತೊಂದಿನ ತತ್ವ ಬಿಡಿ."

ಬಿಟ್ಟೆ. ಇವತ್ತೊಂದು ದಿನಕ್ಕಲ್ಲ, ಚೌತಿಯವರೆಗೂ ಬಿಟ್ಟೆ. ಜಗುಲಿಗೆ ಓಡಿ ಆಯಿಯ ಮುಂದೆ ಕೈ ಚಾಚಿದೆ.

"ಕೊಡ್ತಿದ್ದೆ ಮಗಾ" ಎಂದಳು ಆಯಿ, ಫೋನನ್ನು ತಿರುಗಿಸಿ ಮುರುಗಿಸಿ ನೋಡುತ್ತ. "ನೀನೇ ಎಂತದೋ ಹಾಕಿದ್ಯಲ್ಲ ಇದಕ್ಕೆ. ಕ್ಯಾಮೆರಾ ಒತ್ತಿದ್ರೆ ಪೂರಾ ಕಪ್ಪು. ಈಗ ಸೊಸೆ ಮೋರೆ ನಂಗೂ ಇಲ್ಲ."

ಹಳೆಯ ವ್ಯವಸ್ಥೆಯನ್ನು ಮರಳಿ ತರುವ ದಾರಿಯನ್ನು ದೀಕ್ಷೆಯ ಹುಮ್ಮಸ್ಸಿನಲ್ಲಿ ನಾನೇ ಅಳಿಸಿದ್ದೆ. ಆ ಪುಣ್ಯಾತ್ಮನಿಗೆ ಮತ್ತೆ ಬರೆದೆ. ಈ ಸಲ ಚೌತಿಯ ವಿಷಯ, ಆಯಿಯ ದುಃಖ, ಅರ್ಧಕ್ಕೆ ನಿಂತ ನಗು, ಎಲ್ಲವನ್ನೂ ಸೇರಿಸಿದೆ. ಉತ್ತರ ಬಂದಿದೆ: "ಚಿಪ್ ಸಂಖ್ಯೆ ಯಾವುದು?"

ಆಯಿ ಕನ್ನಡಕ ಹಾಕಿಕೊಂಡು ಫೋನಿನ ಬೆನ್ನ ಮೇಲೆ ಹುಡುಕುತ್ತಿದ್ದಾಳೆ.