ಗುಬ್ಬಿ ಅತ್ತೆಯ ಸಿಹಿ ಪೀರಿಯಡ್ಡು

ನಮ್ಮ ಸೋದರತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಲ್ಲು ನೆನಪಿರುತ್ತದೆ! ಉತ್ಪ್ರೇಕ್ಷೆ ಎನ್ನುತ್ತೀರಾ? ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಣ್ಣೆದುರೇ ನಡೆದದ್ದನ್ನು ಕೇಳಿ. ದಪ್ಪ ಮೀಸೆಯ ಕಂಡಕ್ಟರೊಬ್ಬ ಬಂದು, "ಮೇಡಂ, ನಾನು ನಿಮ್ ಸ್ಟೂಡೆಂಟು, ಗೊತ್ತಾಗ್ಲಿಲ್ವಾ?" ಎಂದು ಕಾಲಿಗೆರಗಿದ. ಅತ್ತೆ ಪಿಳಿಪಿಳಿ ನೋಡಿದರು. ಪಾಪ, ಆತ ಸಂಕೋಚದಿಂದ ನಕ್ಕ. ಅಷ್ಟೇ! "ಓಹೋ, ಹಲ್ಲಿನ್ ಮೇಲ್ ಹಲ್ಲು! ನೀನೇನ್ಲಾ? ಏಳನೇ ಕ್ಲಾಸು, ಬಿ ಸೆಕ್ಷನ್ನು!" ಬಸ್ಸಿನ ತುಂಬ ಜನ. ಕಂಡಕ್ಟರು ಆ ದಿನ ತುಮಕೂರು ತಲುಪುವವರೆಗೂ ಬಾಯಿ ಮುಚ್ಚಿಕೊಂಡೇ ಟಿಕೆಟ್ ಹರಿದ.

ಅತ್ತೆ ನಿಟ್ಟೂರಿನ ಕಡೆಯ ಶಾಲೆಯೊಂದರಲ್ಲಿ ಪೀಟಿ ಮೇಡಂ ಆಗಿದ್ದವರು. ನಿವೃತ್ತಿಯ ದಿನ ಶಾಲೆಯ ವಾಲಿಬಾಲನ್ನು ಒಪ್ಪಿಸಿ ಬಂದರು, ವಿಷಲ್ಲನ್ನು ಒಪ್ಪಿಸಲಿಲ್ಲ. ಮಕ್ಕಳಿಲ್ಲದ ಅವರು ವರ್ಷವಿಡೀ ಎದುರು ನೋಡುವುದು ದಸರಾ ರಜೆಯೊಂದನ್ನೇ. ಕುಣಿಗಲ್ಲಿನಿಂದ ನಮ್ಮಕ್ಕನ ಏಳು ವರ್ಷದ ಮಗಳು ಬರುತ್ತಾಳೆ. ಬೀದಿಯ ಹತ್ತಾರು ಮಕ್ಕಳು ಕೂಡಿಕೊಳ್ಳುತ್ತವೆ. ಗುಬ್ಬಿಯ ಆ ಮನೆ ಮತ್ತೆ ಶಾಲೆಯಾಗುತ್ತದೆ.

ದಸರಾ ಅಂದರೆ ಬೊಂಬೆ ಹಬ್ಬ. ಸಂಜೆಯಾದರೆ ಮಕ್ಕಳ ದಂಡು "ಬೊಂಬೆ ಕೂರ್ಸಿದೀರಾ?" ಎಂದು ಮನೆಮನೆಗೆ ನುಗ್ಗುತ್ತದೆ. ಬೊಂಬೆ ನೋಡುವುದು ನೆಪ, ಕಣ್ಣೆಲ್ಲ ಬಾಗಿನದ ಮೇಲೆ! ಒಂದು ಮನೆಯಲ್ಲಿ ಕೊಬ್ಬರಿ ಮಿಠಾಯಿ, ಇನ್ನೊಂದರಲ್ಲಿ ಬೇಸನ್ ಉಂಡೆ. ಒಂಬತ್ತು ದಿನ ಹಲ್ಲಿಗೆ ಬಿಡುವೇ ಇಲ್ಲ. ಅತ್ತೆಯೇನೂ ದಂಡನ್ನು ತಡೆಯುವುದಿಲ್ಲ. ಕೊರಳಿಗೆ ವಿಷಲ್ ಹಾಕಿಕೊಂಡು ಹಿಂದೆ ತಾವೇ ಹೋಗುತ್ತಾರೆ. ಸಿಕ್ಕಿದ್ದೆಲ್ಲ ಅವರ ಚೀಲಕ್ಕೆ. ಮಾರನೇ ದಿನ ಮಧ್ಯಾಹ್ನ ಊಟ ಮುಗಿದದ್ದೇ ವಿಷಲ್: ಸಿಹಿ ಪೀರಿಯಡ್ಡು! ಹದಿನೈದು ನಿಮಿಷ ಯಾರು ಎಷ್ಟು ಬೇಕಾದರೂ ತಿನ್ನಬಹುದು. ಮತ್ತೆ ವಿಷಲ್: ಹಿತ್ತಲಲ್ಲಿ ಸಾಲಾಗಿ ನಿಂತು ಬಾಯಿ ಮುಕ್ಕಳಿಸುವುದು. ಆಮೇಲೆ ನಾಳೆಯವರೆಗೆ ಸಿಹಿಯ ಹೆಸರೆತ್ತುವ ಹಾಗಿಲ್ಲ. ಮಲಗುವ ಮುಂಚೆ ಬ್ರಷ್ಷು, ಅದೂ ಅವರ ಕಣ್ಮುಂದೆ. ಅವರ ಹಿತ್ತಲಿನ ಕರಿಬೇವಿನ ಗಿಡ ಅಷ್ಟು ಸೊಂಪಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಡಿ!

ನಾನೋ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದವನು. ಪುರಾವೆಯಿಲ್ಲದೆ ಜಾತಕವನ್ನೂ ನಂಬೆ, ಅತ್ತೆಯನ್ನೂ ನಂಬೆ. ಒಮ್ಮೆ ಕೇಳಿದೆ:

"ಅತ್ತೆ, ದಿನಕ್ಕೆ ಒಂದೊಂದೇ ಉಂಡೆ ನಾಲ್ಕು ಸಲ ತಿನ್ನೋದು ಮಿತ. ನಾಲ್ಕೂ ಒಟ್ಟಿಗೆ ತಿನ್ನಿಸೋದು ಅತಿ. ನೀವು ಅತಿಯನ್ನ ಕಲಿಸ್ತಿದ್ದೀರಿ."

"ನಿಮ್ಮನೆ ಮುಂದೆ ಒಂದ್ಸಲ ಬ್ಯಾಂಡ್ ಬಾರ್ಸಿ ಹೋದ್ರೆ ವಾಸಿನೋ, ಗಂಟೆಗೊಂದ್ಸಲ ಬಂದ್ ಬಾರ್ಸಿದ್ರೆ ವಾಸಿನೋ?"

"ಒಂದ್ಸಲ."

"ಹಲ್ಲಿಗೂ ಅಷ್ಟೇ ಕಣ್ಲಾ. ಸುಧಾರಿಸ್ಕಳಕೆ ಟೈಮ್ ಕೊಡ್ಬೇಕು."

ಮನೆಗೆ ಬಂದು ನಾಲ್ಕು ಕಡೆ ಓದಿ ನೋಡಿದೆ. ದುರದೃಷ್ಟವಶಾತ್, ಅತ್ತೆ ಹೇಳಿದ್ದು ಸರಿಯಾಗಿತ್ತು!

ಇಂಥ ಅತ್ತೆ ಹೋದ ವರ್ಷ ಎಡವಿದರು. ಕುಣಿಗಲ್ಲಿನಲ್ಲಿ ಅಕ್ಕನ ಗಂಡನ ಮನೆಯವರ ಗೃಹಪ್ರವೇಶ. ಪಂಕ್ತಿಯಲ್ಲಿ ಎಲ್ಲರೂ ಹೋಳಿಗೆಗೆ ಕೈ ಹಾಕಿದ್ದರು. ಅತ್ತೆ ಎದ್ದು, ಮಗುವಿನ ಗಲ್ಲ ಹಿಡಿದು, ಬೀಗರೆಲ್ಲರ ಎದುರು, "ಬಾಯ್ ತೆಗಿ ನೋಡಣ" ಎಂದವರೇ ಮೈದಾನದ ದನಿಯಲ್ಲಿ ಘೋಷಿಸಿದರು: "ಎಡಗಡೆ ದವಡೆ ಹಲ್ಲು ಕಪ್ಪಾಗದೆ ಕಣೇ! ಡಾಕ್ಟ್ರಿಗ್ ತೋರ್ಸು!"

ಅಕ್ಕನ ಅತ್ತೆ ತುಪ್ಪದ ಸೌಟನ್ನು ಅರ್ಧದಲ್ಲೇ ನಿಲ್ಲಿಸಿ, "ಯಾಕ್ರಮ್ಮ, ನಮ್ಮನೇಲಿ ಮಗೀಗ್ ಹಲ್ ಉಜ್ಸಲ್ಲ ಅಂದ್ಕಂಡ್ರಾ?" ಎಂದರು. ಅಕ್ಕನ ಕಣ್ಣಲ್ಲಿ ನೀರು. ಅಂದೇ ಅಕ್ಕನ ತೀರ್ಪು ಬಂತು: "ಈ ಸಲ ರಜಕ್ಕೆ ಮಗೂನ ಗುಬ್ಬಿಗೆ ಕಳ್ಸಲ್ಲ. ಮುಂದೇನೂ ಕಳ್ಸಲ್ಲ. ಹಾಲುಹಲ್ಲು ಬೀಳೋದೇ ತಾನೇ? ಅದಕ್ಕೆ ಇಷ್ಟು ಮರ್ಯಾದೆ ತೆಗೀಬೇಕಾ?"

ದಸರಾ ಬಂತು. ಮಗು ಬರಲಿಲ್ಲ. ರಾಜಿ ಮಾಡಿಸೋಣವೆಂದು ಕ್ಯಾತ್ಸಂದ್ರದ ನನ್ನ ಮನೆಯಿಂದ ನಾನೇ ಗುಬ್ಬಿಗೆ ಹೋದೆ. ಬೊಂಬೆಗಳೇನೋ ಕೂತಿದ್ದವು, ಮೆಟ್ಟಿಲ ಸಾಲಿನ ಶೆಟ್ಟರ ಬೊಂಬೆಯ ಅಂಗಡಿಯಲ್ಲಿ ಅಕ್ಕಿ ಬೇಳೆಯ ಜೊತೆ ಒಂದು ಪುಟ್ಟ ಬ್ರಷ್ಷೂ ಮಾರಾಟಕ್ಕಿತ್ತು. ಆದರೆ ಅತ್ತೆಯ ದನಿಯಲ್ಲಿ ಕಸುವಿರಲಿಲ್ಲ.

"ಅತ್ತೆ, ತಪ್ಪಾಯ್ತು ಅಂದ್ಬಿಡಿ. ಅಕ್ಕ ಹೇಳೋದ್ರಲ್ಲೂ ನ್ಯಾಯ ಇದೆ. ಬಿದ್ದೇ ಬೀಳೋ ಹಲ್ಲಿಗೆ ಇಷ್ಟು ಕಾವಲು ಯಾಕೆ?"

"ತುಮಕೂರ್ ಬಸ್ ಸ್ಟ್ಯಾಂಡಲ್ಲಿ ಚೇಳೂರ್ ಬಸ್ ಬಂದಾಗ ಏನ್ಲಾ ಮಾಡ್ತೀಯ?"

"ಕಿಟಕಿಯಿಂದ ಸೀಟಿಗೆ ಟವಲ್ ಹಾಕ್ತೀನಿ."

"ಯಾವನೋ ಆ ಟವಲ್ ತೆಗ್ದು ಬಿಸಾಕ್ದ ಅನ್ನು?"

"ಪಕ್ಕದೋನು ಜರುಗಿ ಕೂತ್ಕೊಂಡಿರ್ತಾನೆ."

"ಹಾಲುಹಲ್ಲು ಆ ಟವಲ್ ಕಣೋ! ದೊಡ್ಡ ಹಲ್ಲು ಬರೋಗಂಟ ಜಾಗ ಹಿಡ್ಕೊಂಡಿರ್ತದೆ. ಮೊದ್ಲೇ ಹೋದ್ರೆ ಪಕ್ಕದೋವು ಜರುಗ್ತವೆ, ಬರೋದು ಎಲ್ ಕೂತ್ಕಬೇಕು? ಆ ಕಂಡಕ್ಟ್ರನ್ನ ನೋಡ್ದಲ್ಲ, ಹಲ್ಲಿನ್ ಮೇಲ್ ಹಲ್ಲು."

ಅಂತರ ಕಾಲೇಜು ಕಪ್ಪು ಗೆದ್ದವನು ನಾಲಗೆಯಾಡಿಸಿ ನನ್ನ ಹಲ್ಲುಗಳನ್ನೇ ಎಣಿಸಿಕೊಂಡೆ!

ಅತ್ತೆ ಓರೆಯಾಗಿದ್ದ ಬೊಂಬೆಯೊಂದನ್ನು ನೆಟ್ಟಗೆ ನಿಲ್ಲಿಸಿದರು. "ಎಲ್ರ ಮುಂದೆ ಅಂದಿದ್ದು ತಪ್ಪು. ಬೇಕಾದ್ರೆ ಆ ಬೀಗಿತಿ ಮುಂದೆನೇ ನೂರ್ ಸಲ ತಪ್ಪಾಯ್ತು ಅಂತೀನಿ. ಆದ್ರೆ ಹಲ್ಲು ಚೆನ್ನಾಗದೆ ಅಂತ ಮಾತ್ರ ಹೇಳಲ್ಲ. ಮಗು ಬರ್ದಿದ್ರೂ ಪರ್ವಾಗಿಲ್ಲ. ಡಾಕ್ಟ್ರಿಗ್ ತೋರ್ಸಕ್ ಹೇಳು."

ನಾನು ಹೇಳಿದೆ. ಅಕ್ಕ ಫೋನ್ ಇಟ್ಟಳು.

ಎರಡು ದಿನ ಕಳೆದು, ಬೆಳಗ್ಗೆ, ಮಗುವಿನ ಎಡಗೆನ್ನೆ ಬಾತುಕೊಂಡಿತು. ಅಕ್ಕ ಮೊದಲು ಫೋನ್ ಮಾಡಿದ್ದು ಗಂಡನಿಗಲ್ಲ, ನನಗಲ್ಲ, ಗುಬ್ಬಿಗೆ. ತುಮಕೂರಿನ ಹಲ್ಲಿನ ಡಾಕ್ಟರ ಬಳಿ ಎಲ್ಲರೂ ಸೇರಿದೆವು. ಅತ್ತೆ 'ನಾನು ಆಗ್ಲೇ ಹೇಳಿರ್ಲಿಲ್ವಾ' ಎನ್ನುತ್ತಾರೆಂದು ಕಾದೆ. ನಾನಾಗಿದ್ದರೆ ಖಂಡಿತ ಎನ್ನುತ್ತಿದ್ದೆ. ಅವರು ಮಗುವಿನ ಪಕ್ಕ ಹೋಗಿ ಕೂತರು, ಅಷ್ಟೇ.

ಮಗು ಮಾತ್ರ ತುಟಿ ಬಿಗಿದು ಕೂತಿತ್ತು. ಡಾಕ್ಟರು ಪುಸಲಾಯಿಸಿದರು, ಅಕ್ಕ ಗದರಿದಳು, ನಾನು ತರ್ಕ ಹೂಡಿದೆ. ಏನೂ ಆಗಲಿಲ್ಲ.

ಆಗ ಅತ್ತೆ ಚಪ್ಪಲಿ ಬಿಟ್ಟು ತಾವೇ ಆ ಕುರ್ಚಿ ಹತ್ತಿ ಒರಗಿದರು. "ಬಾ ಮಗಾ, ಮೊದ್ಲು ನೀನು ನಂದು ನೋಡು" ಎಂದು ಬಾಯಿ ತೆರೆದರು. ಡಾಕ್ಟರು ದೀಪ ತಿರುಗಿಸಿದರು. ಮಗು ಹಿಮ್ಮಡಿಯೆತ್ತಿ ಬಗ್ಗಿ ನೋಡಿತು.

"ಅಜ್ಜಿ! ಮುಂದೆ ಅಷ್ಟೇ ಇರೋದು! ಆ ಕಡೆನೂ ಇಲ್ಲ, ಈ ಕಡೆನೂ ಇಲ್ಲ!"

ಅತ್ತೆ ಹೋಳಿಗೆಯನ್ನು ಹಾಲಲ್ಲಿ ನೆನೆಸಿಯೇ ತಿನ್ನುವುದನ್ನು ಇಷ್ಟು ವರ್ಷ ನಾನು ಅವರ ರುಚಿ ಎಂದುಕೊಂಡಿದ್ದೆ.

"ಎಲ್ ಹೋದ್ವು ಅಜ್ಜಿ?"

"ನಮ್ಮವ್ವ ಕೂಲಿಗ್ ಹೋಗೋಳು. ಅಳ್ಬಾರ್ದು ಅಂತ ಕೈಗೆ ಬೆಲ್ಲದ್ ಉಂಡೆ ಕೊಟ್ಟು ಹೋಗೋಳು. ಪಾಪ, ಅವಳ್ಗೇನ್ ಗೊತ್ತು? ನಂದು ಯಾರೂ ಬಾಯ್ ತೆಗ್ಸಿ ನೋಡ್ಲಿಲ್ಲ ಮಗಾ."

"ನೋವಾಯ್ತಾ?"

"ಹೂಂ. ಬಲೇ ನೋವಾಯ್ತು."

ಮಗು ಕುರ್ಚಿ ಹತ್ತಿ, ಅತ್ತೆಯ ತೊಡೆಯ ಮೇಲೆ ಕೂತು, ಅವರ ಬೆರಳನ್ನು ಹಿಡಿದುಕೊಂಡು ಬಾಯಿ ತೆರೆಯಿತು.

ಅಕ್ಕ ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ನನಗಷ್ಟೇ ಕೇಳುವಂತೆ ಅಂದಳು: "ಕುಣಿಗಲ್ಲಿಂದ ಇವಳ ಬಟ್ಟೆ ತಂದ್ಕೊಡ್ತೀಯೇನೋ? ರಜ ಇನ್ನೂ ಆರು ದಿನ ಇದೆ."