ನೂಲು ಕೊಟ್ಟವ ಹೇಗಿದ್ದ?

ನಮ್ಮತ್ತೆಯ ಕಸೂತಿಯಿಂದ ತಪ್ಪಿಸಿಕೊಂಡ ಬಟ್ಟೆ ಈಶ್ವರಮಂಗಲದಲ್ಲಿ ಒಂದೂ ಇರಲಿಲ್ಲ! ನಾನು ಸೊಸೆಯಾಗಿ ಬಂದ ವಾರದಲ್ಲೇ ನನ್ನ ತಲೆದಿಂಬಿನ ಮೇಲೆ ನವಿಲು ಕೂತಿತ್ತು. ಹಾಲು ಸೋಸುವ ಬಟ್ಟೆಯ ಅಂಚಿಗೂ ಮಲ್ಲಿಗೆ. ಸೋಸುವ ಬಟ್ಟೆಗೆ ಹೂವು ಯಾಕೆ ಎಂದು ಕೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು?

ನೂಲು ಮಾತ್ರ ಪುತ್ತೂರಿನದು ಆಗದು. ಊರಿನಿಂದ ಯಾರು ಹಡಗು ಹತ್ತಿದರೂ ಅತ್ತೆ ಕೊಟ್ಟ ಬಣ್ಣದ ಮಾದರಿ ಅವರ ಕಿಸೆ ಸೇರುತ್ತಿತ್ತು. ಕೊಲಂಬೊದಿಂದ ಬಂದ ಕೆಂಪು ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಮಾವನವರ ಬಿಳಿ ಪಂಚೆ ಗುಲಾಬಿಯಾಯಿತು. ಅವರು ಅದನ್ನೇ ಉಟ್ಟು ಪುತ್ತೂರಿಗೆ ಹೋಗಿಬಂದರು. ಹಡಗಿನಲ್ಲಿ ಅಡುಗೆಗಿದ್ದ ಒಬ್ಬರು ಏಡನ್ ಬಂದರಿನಿಂದ ತಂದದ್ದು ಮೀನಿನ ಗಾಳದ ದಾರ! ಅತ್ತೆ ಅದರಲ್ಲೇ ಒಂದು ಮೀನು ಹೊಲಿದರು.

ಇನ್ನೂ ವಿಚಿತ್ರವೆಂದರೆ, ಬಣ್ಣ ನೋಡುವ ಮೊದಲೇ ವಿಚಾರಣೆ. ಅಂಗಡಿಯಲ್ಲಿ ಯಾರಿದ್ದರು, ಎಷ್ಟು ಎತ್ತರ, ಯಾವ ಭಾಷೆ, ಎಡಗಿವಿಯ ಹತ್ತಿರ ಮಚ್ಚೆ ಇತ್ತೇ? ಮಾರಿದವನ ಮುಖ ನೋಡಿ ನೂಲು ಗಟ್ಟಿಯಾಗುತ್ತದೆಯೇ? ನಾನು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದೆ.

ಒಮ್ಮೆ ಜವಳಿ ವ್ಯಾಪಾರದ ಮೋನು ಬ್ಯಾರಿ ಸಿಂಗಾಪುರದಿಂದ ಮರಳಿ, ಹಸಿರು ನೂಲಿನ ಪೊಟ್ಟಣ ತಂದುಕೊಟ್ಟರು. ಬಿಚ್ಚಿದವಳು ನಾನು. ಒಳಗೆ ಮಂಗಳೂರಿನ ಅಂಗಡಿಯ ಚೀಟಿ! ಅಲ್ಲಿ ಮರೆತು ಇಲ್ಲಿ ಕೊಂಡಿದ್ದರು. ನಾನು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಬ್ಯಾರಿಗಳು ಹೇಗೆ ಪಾರಾಗುತ್ತಾರೆ ನೋಡೋಣ ಎಂದು ನಿಂತೆ. ಅತ್ತೆ ಶುರುಮಾಡಿದರು.

"ತೆಳ್ಳಗೆ ಒಬ್ಬರು ಗಂಡಸು, ಅಕ್ಕ," ಎಂದರು ಬ್ಯಾರಿ. "ಮಚ್ಚೆಯೂ ಉಂಟು. ತುಳು ಮಾತಾಡುದು. ಪುತ್ತೂರು ಹೇಗುಂಟು ಅಂತ ಕೇಳಿದರು."

ಅತ್ತೆ ಮತ್ತೇನೂ ಕೇಳಲಿಲ್ಲ. ಒಳಗೆ ಹೋಗಿ ಪಾಯಸಕ್ಕಿಟ್ಟರು. ಇವತ್ತು ಎಂತ ಹಬ್ಬ ಎಂದು ಗಂಡನನ್ನು ಕೇಳಿದಾಗಲೇ ನನಗೆ ಗೊತ್ತಾದದ್ದು: ಅತ್ತೆಯ ಒಬ್ಬನೇ ತಮ್ಮ ಸಿಂಗಾಪುರದ ನೂಲಿನಂಗಡಿಯಲ್ಲಿ ಕೆಲಸಕ್ಕಿದ್ದ. ಮಹಾಯುದ್ಧ ಅಲ್ಲಿಗೆ ಬಂದ ಮೇಲೆ ಅವನ ಕಾಗದವಿಲ್ಲ. ಎಲ್ಲಿಗೆ ಓಡಿದನೋ, ಬದುಕಿದ್ದಾನೋ ಇಲ್ಲವೋ. ಹದಿನಾಲ್ಕು ವರ್ಷಗಳಿಂದ ಅವನನ್ನು ಹುಡುಕಲು ಅತ್ತೆಗೆ ಗೊತ್ತಿದ್ದ ದಾರಿ ಇದೊಂದೇ. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಚೀಟಿಯನ್ನು ಗಂಡನ ಕೈಗಿತ್ತೆ. ಅವರು ಬ್ಯಾರಿಗಳ ಮನೆಗೆ ಹೋಗಿ ತಮ್ಮನ ವಿಷಯ ಹೇಳಿಬಂದರು.

ಎಂಟನೆಯ ದಿನ ಬ್ಯಾರಿ ತಪ್ಪೊಪ್ಪಿಕೊಳ್ಳಲೆಂದು ಬಂದು ಜಗಲಿಯ ತುದಿಯಲ್ಲಿ ಕೂತರು. ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಅವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಂದು ಬಿಳಿ ಜುಬ್ಬ ಹಿಡಿದುಕೊಂಡು ಬಂದರು. ಕೊರಳ ಸುತ್ತ ಹಸಿರು ಬಳ್ಳಿ, ಒಂದು ಹೊಲಿಗೆಯೂ ತಪ್ಪಿಲ್ಲ.

"ತೆಳ್ಳಗೆ ಅಂದಿರಲ್ಲ, ಹಾಗೆ ಅಳತೆ ಸಣ್ಣ ಮಾಡಿದೆ," ಎಂದರು ಅತ್ತೆ. "ಮುಂದಿನ ಸಲ ಹೋಗುವಾಗ ಅವನಿಗೆ ಕೊಡಿ."

ಬ್ಯಾರಿ ಬಾಗಿಲಲ್ಲಿದ್ದ ನನ್ನ ಮುಖ ನೋಡಿದರು. ಹೇಳಬೇಡಿ ಎಂದು ನಾನು ತಲೆಯಾಡಿಸಿದೆ. ಅವರು ಎದ್ದು ನಿಂತು ಜುಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಕೊಡ್ತೇನೆ ಅಕ್ಕ," ಎಂದರು.